ಎರಡೂವರೆ ಅಡಿಯ ಅರ್ತ್

ನನ್ನ ತಂಗಿಯ ರೇಡಿಯೋಗೆ ಅರ್ತ್ ಹಾಕಿಕೊಡುವುದು ನನ್ನ ಕೆಲಸವಾಗಿತ್ತು. ನಾನು ಅದನ್ನು ಸರಿಯಾಗಿ ಹಾಕಲಿಲ್ಲ. ಎಂಟು ಅಡಿ ಉದ್ದದ, ತಾಮ್ರ ಲೇಪಿಸಿದ ರಾಡನ್ನು ಪೂರ್ತಿ ನೆಲದೊಳಗೆ ಇಳಿಸಬೇಕಿತ್ತು. ಎರಡೂವರೆ ಅಡಿಗೆ ಕಲ್ಲು ಹತ್ತಿತು. ಬೇರೆ ಕಡೆ ಅಗೆಯುವ ಬದಲು ಮೇಲೆ ಉಳಿದದ್ದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಗುಜರಿಗೆ ಹಾಕಿದೆ. ಸಂಜೆ ಅವಳು ಕೆಲಸದಿಂದ ಬಂದವಳೇ, "ಪೂರ್ತಿ ಇಳೀತೇನಣ್ಣಾ?" ಎಂದು ಕೇಳಿದಳು. "ಎಂಟಡಿನೂ ಇಳದೈತಿ ತಗೋ" ಎಂದೆ. ಆ ಮಾತನ್ನು ಹತ್ತು ತಿಂಗಳು ತಿದ್ದಲಿಲ್ಲ. ಆ ಹತ್ತು ತಿಂಗಳು ನನ್ನ ತಂಗಿ ತಾನು ಮಾಡಿದ ಎಲ್ಲವನ್ನೂ ಅನುಮಾನಿಸಿದಳು, ನಾನು ಮಾಡಿದ ಒಂದನ್ನು ಬಿಟ್ಟು.

ನನ್ನದು ಕೊಟ್ಟೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಏಳನೇ ಕ್ಲಾಸಿನಲ್ಲಿ ಗಣಿತ ನನ್ನನ್ನು ಎರಡು ಸಲ ಕೆಡವಿತು. ಮೂರನೇ ಸಲ ಕೆಡವಲು ಅವಕಾಶ ಕೊಡದೆ ಕೂಡ್ಲಿಗಿಯ ಒಂದು ವೈಂಡಿಂಗ್ ಅಂಗಡಿಗೆ ಸೇರಿಕೊಂಡೆ. ಸುಟ್ಟ ಪಂಪ್‌ಸೆಟ್ ಮೋಟರಿನ ಹೊಟ್ಟೆ ಬಿಚ್ಚಿ, ಕರಿಕಾದ ಹಳೆಯ ತಂತಿ ಕಿತ್ತು, ಹೊಸ ಎನಾಮಲ್ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸುವ ಕೆಲಸ. ನಾನು ಸುತ್ತಿದ ಮೋಟರುಗಳು ನಮ್ಮ ಸುತ್ತಲಿನ ತೆಲಿಗಿ, ಅರಸೀಕೆರೆಯ ಹೊಲಗಳಲ್ಲಿ ಇವತ್ತಿಗೂ ಓಡುತ್ತಿವೆ. ಮೋಟರು ಚಾಲೂ ಆದ ಸದ್ದು ಕೇಳಿಯೇ ಯಾವ ಸುತ್ತಿನಲ್ಲಿ ತಪ್ಪಿದೆ ಎಂದು ಹೇಳಬಲ್ಲೆ. ಇದನ್ನು ಬಡಾಯಿ ಎಂದುಕೊಂಡರೂ ಸರಿಯೇ. ಈ ಬಡಾಯಿಯಿಂದಲೇ ಮುಂದಿನದೆಲ್ಲ ಆಯಿತು.

ಅಂಗಡಿ ಶುರು ಮಾಡಿದಾಗ ಬೋರ್ಡು ಬರೆಸಿದ್ದೆ. 'ಮನೆ ಹಾಗೂ ಮೋಟರ್‌ಗಳಿಗೆ ಅರ್ತ್ ಮಾಡಿಕೊಡಲಾಗುವುದು' ಎಂದು ಬರೆಯಲು ಹೇಳಿದೆ. ಬೋರ್ಡು ಬರೆಯುವವನು ನನಗಿಂತ ಓದಿದವನು. ಅರ್ತ್ ಎಂಬ ಮಾತೇ ಕನ್ನಡದಲ್ಲಿಲ್ಲ ಎಂದುಕೊಂಡು ತಿದ್ದಿ, 'ಮನೆ ಹಾಗೂ ಮೋಟರ್‌ಗಳಿಗೆ ಅರ್ಥ ಮಾಡಿಕೊಡಲಾಗುವುದು' ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದ. ನಾನೂ ಓದಿ ಹೌದೆಂದೆ. ಆಗ ಹೈಸ್ಕೂಲಿನಲ್ಲಿದ್ದ ತಂಗಿ ಬೀದಿಯಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಣ್ಣಾ, ನಮ್ಮ ಮನಿಗೂ ಒಂಚೂರು ಅರ್ಥ ಮಾಡಿಸಪಾ. ಅವ್ವಗ ನಾನು ಹೇಳಿದ್ದು ಯಾವುದೂ ಅರ್ಥ ಆಗವಲ್ದು."

ಬೋರ್ಡು ತಿದ್ದಿಸಲಿಲ್ಲ. ಮೋಟರು ತರುವ ರೈತರೂ ಚೇಷ್ಟೆ ಮಾಡುತ್ತಿದ್ದರು: "ಇದರ ಅರ್ಥ ಏನಂತ ಹೇಳ್ರಿ ಸಾವ್ಕಾರ್ರ, ಮುಂಜಾನಿಂದ ಗುರ್ ಅನ್ನಾಕತೈತಿ."

ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದಳು. ಬರೆದು ಮುಗಿದ ಮೇಲೆ ತಂತಿಯ ಗೇಜು ಅಳೆಯುತ್ತಿದ್ದಳು. ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿದಳು. ಈಗ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮೂರು ವರ್ಷದ ಹಿಂದೆ ಸರ್ಕಾರದ ಪರೀಕ್ಷೆ ಬರೆದು ಹ್ಯಾಮ್ ರೇಡಿಯೋ ಲೈಸೆನ್ಸು ತೆಗೆದುಕೊಂಡಳು. ಹ್ಯಾಮ್ ಎಂದರೆ ಹವ್ಯಾಸಕ್ಕೆ ರೇಡಿಯೋ ಇಟ್ಟುಕೊಂಡವರು. ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು. ಅವಳಿಗೊಂದು ಕರೆಗುರುತು ಕೊಟ್ಟಿದ್ದಾರೆ, ನಾಲ್ಕಾರು ಅಕ್ಷರ ಮತ್ತು ಅಂಕಿ ಸೇರಿದ್ದು. ನಮ್ಮ ವಂಶದಲ್ಲಿ ಯಾರಿಗೂ ಇನಿಷಿಯಲ್ಲಿನ ಹೊರತು ಇಂಗ್ಲಿಷ್ ಅಕ್ಷರ ಸಿಕ್ಕಿರಲಿಲ್ಲ. ಜಗತ್ತಿನಲ್ಲಿ ಇನ್ನೊಬ್ಬರಿಗೆ ಆ ಗುರುತು ಇಲ್ಲ ಎಂದು ಅವಳು ಹೇಳಿದ ದಿನ ನಾನು ಅದನ್ನು ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಬಂದವರಿಗೆಲ್ಲ ತೋರಿಸಿದೆ.

ರೇಡಿಯೋವನ್ನೂ ಅವಳೇ ಮಾಡಿದಳು. ಬಿಡಿಭಾಗ ತರಿಸಿ, ಒಂದೊಂದಾಗಿ ಬೆಸುಗೆ ಹಾಕಿ, ಒಂದು ಸ್ಟೀಲಿನ ಡಬ್ಬಿಯೊಳಗೆ ಕೂರಿಸಿದಳು.

"ಇದು ನಲವತ್ತು ಮೀಟರಿಂದು" ಎಂದಳು.

"ಮನಿಗೆ ಒಂದು ಮೀಟರ್ ಇದ್ರ ಸಾಕಾಗೈತಿ. ನಲವತ್ತು ಯಾಕಲೇ?" ಎಂದೆ.

"ಕರೆಂಟ್ ಮೀಟರಲ್ಲೋ ಮಾರಾಯ. ರೇಡಿಯೋ ಅಲಿ ಉದ್ದ. ಒಂದು ಅಲಿಯಿಂದ ಇನ್ನೊಂದು ಅಲಿಗೆ ನಲವತ್ತು ಮೀಟರ್."

"ಕೆರೀನ ಇಲ್ಲದ ಬೀದ್ಯಾಗ ಎಂಥಾ ಅಲಿ?"

ಈ ಮಾತು ಕೇಳಿಯೇ ಅವಳಿಗೊಂದು ಯೋಚನೆ ಬಂತು. ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ ತಂದು, ಪ್ರತಿ ಪುಟಕ್ಕೆ ನಡುವೆ ಗೆರೆ ಹೊಡೆದಳು. ಎಡಗಡೆ ಪುಸ್ತಕದ ಮಾತು. ಬಲಗಡೆ ಅದನ್ನು ನಮ್ಮ ಕಡೆಯವರು ಏನನ್ನುತ್ತಾರೆ, ಹೇಗೆ ಹೇಳಿದರೆ ತಿಳಿಯುತ್ತದೆ ಎಂಬುದು. ಇಂಗ್ಲಿಷ್ ಪುಸ್ತಕ ನೋಡಿ ಹೆದರುವ ಹುಡುಗ ಹುಡುಗಿಯರೂ ಆ ಪರೀಕ್ಷೆ ಬರೆಯಬೇಕು ಎಂಬುದು ಅವಳ ಆಸೆ. ಬಲಗಡೆಯ ಮಾತು ಕೊಡುವ ಕೆಲಸ ನನ್ನದಾಯಿತು. ಶಾಲೆ ಕಡಿಮೆ ಓದಿದವನನ್ನು ಓದಿದವಳೊಬ್ಬಳು ಎದುರು ಕೂರಿಸಿಕೊಂಡು ದಿನಾ ಒಂದೊಂದು ಮಾತು ಕೇಳಿ ಬರೆದುಕೊಂಡರೆ ಎದೆ ಎಷ್ಟು ಉಬ್ಬುತ್ತದೆ ಎಂದು ಬೇರೆಯವರಿಗೆ ಹೇಳುವುದು ಕಷ್ಟ.

ಕೆಪಾಸಿಟರ್ ಎದುರಿಗೆ 'ಕಂಡೆನ್ಸರ್. ನಿಂತ ಮೋಟರಿಗೆ ಮೊದಲ ನೂಕು ಕೊಡುವುದು' ಎಂದು ಬರೆದಳು. ಇಂಡಕ್ಟರ್ ಎದುರಿಗೆ 'ಕಾಯಿಲ್'. ಎಸ್‌ಡಬ್ಲ್ಯೂಆರ್ ಎಂಬುದೊಂದಿತ್ತು. ರೇಡಿಯೋದಿಂದ ಆಂಟೆನಾಗೆ ಕಳಿಸಿದ ಶಕ್ತಿಯಲ್ಲಿ ಎಷ್ಟು ಹೊರಗೆ ಹೋಗದೆ ತಿರುಗಿ ಬಂತು ಎಂಬ ಲೆಕ್ಕ ಅದು. "ಚರಗಿ ನೀರು ಗ್ವಾಡಿಗೆ ಉಗ್ಗಿದ್ರ ಒಂದಿಷ್ಟು ನಮ್ಮ ಮೈಮ್ಯಾಲ ಸಿಡೀತೈತಲ್ಲ, ಅದು" ಎಂದೆ. ಅವಳು ಪೆನ್ನು ಎತ್ತಿ ನನ್ನನ್ನೇ ನೋಡಿ, "ಇದನ್ನ ನಮ್ಮ ಮೇಷ್ಟ್ರು ಮೂರು ತಾಸು ಹೇಳಿದ್ರು" ಎಂದಳು. ಕೆಲವು ಸಲ ದೂರದವರ ದನಿ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಅದಕ್ಕೆ ಹ್ಯಾಮುಗಳು ಕ್ಯೂಎಸ್‌ಬಿ ಎನ್ನುತ್ತಾರೆ. ಅದರ ಬಲಗಡೆಯ ಮಾತು ಅವ್ವನದು: "ಸಂತ್ಯಾಗ ಯಾರೋ ದೂರದಿಂದ ಕರದಂಗ."

ಅರ್ತ್ ಎಂಬ ಮಾತಿಗೆ ನಾನು ಹೇಳಿದ್ದು ಇಷ್ಟು: "ಬ್ಯಾಡಾದದ್ದನ್ನ ಭೂಮಿಗೆ ಒಪ್ಪಿಸೋದು." ಅದರ ಪಕ್ಕದಲ್ಲಿ ಅವಳು 'ಅಣ್ಣ ಹೇಳಿದ್ದು' ಎಂದು ಬರೆದಳು. ಬೇರೆ ಯಾವ ಮಾತಿನ ಪಕ್ಕದಲ್ಲೂ ಹೀಗೆ ಬರೆದಿರಲಿಲ್ಲ.

ಆಂಟೆನಾಗೆ ನಮ್ಮಲ್ಲಿ ಜಾಗ ಸಾಲದು. ಮಾಳಿಗೆಯ ಮೇಲೆ ಒಂದು ಕಂಬ, ಅಲ್ಲಿಂದ ಹಿತ್ತಲ ಬೇವಿನ ಮರಕ್ಕೆ ಒಂದೇ ತಂತಿ. ಇಂಥ ಆಂಟೆನಾಗೆ ಅರ್ತ್ ಬಹಳ ಮುಖ್ಯ ಎಂದು ಅವಳು ಚಿತ್ರ ಬರೆದು ತೋರಿಸಿದಳು. ಮೇಲಿನ ತಂತಿ ಅರ್ಧ ಆಂಟೆನಾ, ಕೆಳಗಿನ ನೆಲ ಇನ್ನರ್ಧ. ನೆಲ ಸರಿಯಾಗಿ ಸಿಗದಿದ್ದರೆ ಹೊರಗೆ ಹೋಗಬೇಕಾದ ಶಕ್ತಿ ರೇಡಿಯೋದ ಮೈಮೇಲೆಯೇ ಓಡಾಡುತ್ತದೆ.

"ಅರ್ತಿನ ಚಿಂತಿ ನನಗ ಬಿಡು. ನಾಲ್ಕು ತಾಲೂಕಿನ ಮೋಟರಿಗೆ ಹಾಕೀನಿ" ಎಂದೆ.

ಆಗ ಬೇಸಿಗೆ, ಪಂಪ್‌ಸೆಟ್ ಮೋಟರು ಸುಡುವ ಕಾಲ. ಅಂಗಡಿಯ ಮುಂದೆ ಏಳು ಮೋಟರು ಸಾಲಾಗಿ ಕೂತಿದ್ದವು. ಅವಳು ಕೆಲಸಕ್ಕೆ ಹೋದ ಮೇಲೆ ಹಾರೆ ಹಿಡಿದು ಹಿತ್ತಲಿಗೆ ಹೋದೆ. ಕೆಂಪು ಮಣ್ಣು ಎರಡಡಿ ಸಲೀಸಾಗಿ ಬಂತು. ಆಮೇಲೆ ಹಾರೆ ಟಣ್ ಎಂದಿತು. ರಾಡು ಇಟ್ಟು ಸುತ್ತಿಗೆಯಿಂದ ಹೊಡೆದೆ. ಇನ್ನರ್ಧ ಅಡಿ ಹೋಗಿ ನಿಂತಿತು. ಅಷ್ಟರಲ್ಲಿ ಅರಸೀಕೆರೆಯವರೊಬ್ಬರು ಎರಡನೇ ಸಲ ಫೋನು ಮಾಡಿ, "ಮೋಟರ್ ಆತೋ, ನಾನ ಬಂದು ಸುತ್ಲೋ?" ಎಂದು ಕುಟುಕಿದರು. ಅಂಗಡಿಗೆ ಓಡಿ ಹ್ಯಾಕ್ಸಾ ತಂದೆ. ಕೊಯ್ಯುವುದಕ್ಕೆ ಹತ್ತು ನಿಮಿಷವೂ ಆಗಲಿಲ್ಲ. ರಾಡಿನ ತಲೆಗೆ ತಂತಿ ಬಿಗಿದು, ಸುತ್ತ ಮಣ್ಣು ಮುಚ್ಚಿ, ಮೇಲೊಂದು ಕಲ್ಲುಚಪ್ಪಡಿ ಎಳೆದೆ. ನೋಡಲು ಚೆಂದವಾಗಿತ್ತು.

ಸಂಜೆ ಅವಳು, "ಕಾಲೇಜಿಂದ ಅರ್ತ್ ಟೆಸ್ಟರ್ ತರ್ಲೇನು? ಒಮ್ಮೆ ಅಳದು ನೋಡಿದ್ರಾತು" ಎಂದಳು.

"ನಾ ಹಾಕಿದ್ದಕ್ಕ ಟೆಸ್ಟರ್ ಬೇಕೇನು?" ಎಂದೆ.

"ಬ್ಯಾಡ ಬಿಡು" ಎಂದಳು. ಅವಳು ಮತ್ತೆಂದೂ ಟೆಸ್ಟರ್ ಮಾತು ಎತ್ತಲಿಲ್ಲ.

ಮೊದಲ ದಿನವೇ ರೇಡಿಯೋ ಕಚ್ಚಿತು. ಮಾತಾಡುವ ಗುಂಡಿ ಒತ್ತಿ ಮೈಕನ್ನು ಬಾಯಿಯ ಹತ್ತಿರ ತಂದರೆ ತುಟಿಗೆ ಕೆಂಜಿರುವೆ ಕಡಿದ ಹಾಗಾಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವ, "ಮುದ್ದು ಕೊಡಾಕ ಹೋದ್ರ ಡಬ್ಬೀನೂ ಕಚ್ತೈತಿ ನೋಡು. ಮೊದ್ಲ ಒಂದು ಗಂಡು ನೋಡಂತ ಹೇಳಿದ್ನಿಲ್ಲೋ" ಎಂದಳು. ತಂಗಿ ತುಟಿ ಒರೆಸಿಕೊಂಡು ನಕ್ಕಳು. ಆದರೆ ಆ ಕಡೆಯಿಂದ ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ನಿಮ್ಮ ದನಿಯ ಜೊತೆ ಗುಂಯ್ ಎಂಬ ಸದ್ದಿದೆ, ಮಾತು ಒಡೆಯುತ್ತಿದೆ, ನಿಮ್ಮ ಸೆಟ್ ಒಮ್ಮೆ ನೋಡಿಕೊಳ್ಳಿ.

ಅವಳು ನೋಡಿಕೊಂಡಳು. ಎಲ್ಲ ಬೆಸುಗೆಯನ್ನೂ ಕರಗಿಸಿ ಹೊಸದಾಗಿ ಹಾಕಿದಳು. ತಂತಿಯನ್ನು ಒಂದೊಂದೇ ಗೇಣು ಕತ್ತರಿಸಿ, ಮತ್ತೆ ಕೂಡಿಸಿದಳು. ಆಂಟೆನಾ ತಂತಿ ಸೇರುವಲ್ಲಿ ಬಳೆಯಂಥ ಒಂದು ಕಪ್ಪು ಉಂಗುರ ಇರುತ್ತದೆ. ಅದಕ್ಕೆ ತಂತಿ ಸುತ್ತಬೇಕು. ಅದನ್ನು ಅಂಗಡಿಗೆ ತಂದು ನನ್ನ ಪಕ್ಕದಲ್ಲಿ ಕೂತು ಬಿಚ್ಚಿದಳು, ಸುತ್ತಿದಳು, ಮನೆಗೆ ಹೋಗಿ ನೋಡಿದಳು, ಮರುದಿನ ಮತ್ತೆ ತಂದಳು. ಐದನೇ ಸಲ ಅವಳ ತೋರುಬೆರಳ ತುದಿ ತಂತಿಗೆ ಕೊಯ್ದು ರಕ್ತ ಬಂತು.

"ಸುತ್ತು ಸಡ್ಲ ಆಗ್ಯಾವೇನಣ್ಣಾ? ನೀನ ಒಮ್ಮೆ ನೋಡು. ನಿನ್ನ ಕೈ ಅಂದ್ರ ಕೈ."

ನಾನು ನೋಡಿದೆ. ಮೂವತ್ತು ವರ್ಷ ಸುತ್ತಿದ ನನ್ನ ಸುತ್ತಿಗಿಂತ ಅವಳ ಸುತ್ತು ಒತ್ತಾಗಿತ್ತು, ಒಂದರ ಪಕ್ಕ ಒಂದು ಹೊಲಿದ ಹಾಗೆ. ಹೆಮ್ಮೆಯಾಯಿತು. ಅದನ್ನು ಹೇಳಬೇಕಿತ್ತು. "ಮತ್ತೊಮ್ಮೆ ಸುತ್ತಿ ನೋಡು" ಎಂದೆ. ರಾಡಿನ ಸುಳ್ಳಿಗಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತದೆ.

ಆಮೇಲೆ ನಾನು ಇನ್ನೊಂದು ಕೆಲಸ ಮಾಡಿದೆ. ಒಂದು ದಿನ ಅವ್ವ ಪಾತ್ರೆ ತೊಳೆದ ನೀರನ್ನು ಹಿತ್ತಲ ಆ ಮೂಲೆಗೆ ಸುರಿದಳು. ಅರ್ಧ ತಾಸಿನಲ್ಲಿ ಒಳಗಿಂದ ತಂಗಿ ಕೂಗಿದಳು: "ಅಣ್ಣಾ, ಇವತ್ತು ಗುಂಯ್ ಇಲ್ಲಂತ! ಸಾಫ್ ಕೇಳ್ತೈತಂತ!" ನನಗೆ ತಕ್ಷಣ ತಿಳಿಯಿತು. ಒಣ ಮಣ್ಣಿಗೆ ನೀರು ಬಿದ್ದು ಮೊಂಡು ರಾಡಿಗೂ ಸ್ವಲ್ಪ ನೆಲ ಸಿಕ್ಕಿತ್ತು. ಅವಳು ಹೆಚ್ಚಾಗಿ ರೇಡಿಯೋ ಮುಂದೆ ಕೂರುವುದು ಆದಿತ್ಯವಾರ ಬೆಳಿಗ್ಗೆ. ಅಂದಿನಿಂದ ಪ್ರತಿ ಆದಿತ್ಯವಾರ ಅವಳು ಸ್ನಾನಕ್ಕೆ ಹೋದಾಗ ಎರಡು ಬಕೀಟು ನೀರಿಗೆ ಒಂದು ಬೊಗಸೆ ಉಪ್ಪು ಕಲಸಿ ಆ ಚಪ್ಪಡಿಯ ಸುತ್ತ ಸುರಿಯತೊಡಗಿದೆ. "ಅಲ್ಲೇನು ಬಾಳಿ ಗಿಡ ಹಚ್ಚೀಯೇನು?" ಎಂದು ಅವ್ವ ಕೇಳಿದರೆ, "ಧೂಳು ಏಳ್ತೈತಿ" ಎನ್ನುತ್ತಿದ್ದೆ.

ಅಂಥ ಒಂದು ಆದಿತ್ಯವಾರವೇ ಅವಳಿಗೆ ಶ್ರೀಲಂಕಾದಿಂದ ಒಬ್ಬರು ಸಿಕ್ಕಿದರು. ಡಬ್ಬಿಯೊಳಗಿಂದ ಅವರ ದನಿ ನಾನೂ ಕೇಳಿದೆ. ಇಂಗ್ಲಿಷಿನಲ್ಲಿ ಅವಳು ನಮ್ಮೂರ ಹೆಸರು ಹೇಳಿದಳು. ಅವರಿಗೆ ತಿಳಿಯದೆ ಮತ್ತೆ ಕೇಳಿದಾಗ ಅಕ್ಷರ ಅಕ್ಷರ ಬಿಡಿಸಿ ಹೇಳಿದಳು, ಪ್ರತಿ ಅಕ್ಷರಕ್ಕೂ ಒಂದು ಹೆಸರು ಸೇರಿಸಿ, ಹ್ಯಾಮುಗಳು ಹೇಳುವ ಹಾಗೆ. ಸಮುದ್ರದಾಚೆಯ ಮನುಷ್ಯ ಕೊಟ್ಟೂರು ಎಂದ. ಮಾತಾಡಿದ್ದಕ್ಕೆ ಗುರುತಾಗಿ ಅವರು ಅಂಚೆಯಲ್ಲಿ ಕಳಿಸಿದ ಕಾರ್ಡು ಬಂದಾಗ ಅದನ್ನು ಅಂಗಡಿಯಲ್ಲಿ ಹಾಕಿಸಿದೆ, ಗಾಜು ಕೂರಿಸಿ.

ತೆಲಿಗಿಯಿಂದ ಮೋಟರು ತಂದ ಹಿರಿಯರೊಬ್ಬರು ಅದನ್ನು ನೋಡಿ, "ಫೋನಿನ್ಯಾಗ ಮಾತಾಡಿದ್ರ ಆಗೂದಿಲ್ಲೇನಪಾ?" ಎಂದರು.

"ಫೋನ್ ಕಂಪನಿಯವರ್ದು ಯಜಮಾನ್ರ. ಇದು ನನ್ನ ತಂಗಿ ಕೈಯಾರೆ ಮಾಡಿದ್ದು" ಎಂದೆ.

"ಭಾರಿ ಅದಾಳ ಬಿಡು. ಅದಕ್ಕ ಅರ್ಥ ನೀನ ಮಾಡೀಯೇನು?" ಎಂದು ಹೊರಗಿನ ಬೋರ್ಡು ತೋರಿಸಿ ನಕ್ಕರು. ನನಗೆ ನಗಲು ಆಗಲಿಲ್ಲ.

ಹೀಗೇ ಮುಚ್ಚಿಹೋಗುತ್ತಿತ್ತೇನೋ. ಹಡಗಲಿಯ ಒಂದು ಕಾಲೇಜಿನವರು ಅವಳನ್ನು ಕರೆದರು, ಮಕ್ಕಳಿಗೆ ಹ್ಯಾಮ್ ರೇಡಿಯೋ ಬಗ್ಗೆ ಹೇಳಿ, ತೋರಿಸಿ ಎಂದು. ಆ ನೋಟ್‌ಬುಕ್ಕಿನ ನಕಲು ತೆಗೆಸಿ ಎಲ್ಲರಿಗೂ ಕೊಡುವುದೆಂದು ಮಾತಾಯಿತು. ಹೋಗುವ ಹಿಂದಿನ ದಿನ ಮಧ್ಯಾಹ್ನ ಅವಳು ನನ್ನನ್ನು ಮನೆಯ ಪಡಸಾಲೆಯಲ್ಲಿ ಕೂರಿಸಿ, ಕೊನೆಗೆ ಸೇರಿಸಿದ ಪುಟಗಳನ್ನು ಓದಿದಳು. ಏನಾದರೂ ತಪ್ಪಿದ್ದರೆ ಹೇಳು ಎಂದಳು. 'ನನ್ನ ಅನುಭವ' ಎಂದು ಅವುಗಳ ತಲೆಬರಹ.

ಮೊದಲನೆಯದು: 'ನಮ್ಮ ಸೀಮೆಯಲ್ಲಿ ಆದಿತ್ಯವಾರ ಬೆಳಿಗ್ಗೆ ಆಕಾಶ ಚೆನ್ನಾಗಿ ತೆರೆಯುತ್ತದೆ. ಏಳು ತಿಂಗಳು ಬರೆದಿಟ್ಟು ನೋಡಿದ್ದೇನೆ. ಕಾರಣ ಇನ್ನೂ ತಿಳಿದಿಲ್ಲ.'

ಎರಡನೆಯದು: 'ಅಣ್ಣ ಹಾಕಿದ ಅರ್ತ್ ಎಂಟು ಅಡಿ. ಆದ್ದರಿಂದ ಗುಂಯ್ ಸದ್ದಿಗೆ ಅರ್ತ್ ಕಾರಣವಲ್ಲ. ಸೆಟ್ ಮಾಡಿದವಳ ಕೈ ಕಾರಣ.'

ಓದುವಾಗ ಅವಳ ದನಿಯಲ್ಲಿ ದುಃಖವೇನೂ ಇರಲಿಲ್ಲ. ಪಾಠದ ಹಾಗೆ ಓದಿದಳು. "ಅದಕ್ಕ ನನ್ನ ಸೆಟ್ ಒಯ್ಯಂಗಿಲ್ಲ. ಬರೇ ಚಿತ್ರ ತೋರಸ್ತೀನಿ. ಹುಡುಗ್ರು ನನ್ನ ಹಂಗ ಮಾಡಿ ಕೆಡಿಸ್ಕೊಳ್ಳೋದು ಬ್ಯಾಡ. ಕಂಪನಿ ಸೆಟ್ಟ ತಗೋರಿ ಅಂತೀನಿ" ಎಂದಳು.

ಎದ್ದು ಹೊರಗೆ ಹೋಗಲು ನೋಡಿದೆ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು, ಈ ಮಾತು ಸರಿಯೇ ಎಂದು ನಾನು ಹೇಳಲಿ ಎಂದು. ಹಡಗಲಿಯ ಯಾವ ಮಗುವೋ ಈ ಪುಟ ಓದಿ ತನ್ನ ಕೈಯನ್ನು ನಂಬದೆ ಬೆಳೆಯುತ್ತದೆ ಎನಿಸಿತು. ನನ್ನ ಮುಂದೆ ಕೂತವಳು ಆಗಲೇ ನಂಬುವುದನ್ನು ಬಿಟ್ಟಿದ್ದಳು.

"ಎಂಟಡಿ ಅಂತ ಬರೀಬ್ಯಾಡ" ಎಂದೆ.

"ಯಾಕ? ಏಳೂವರೆ ಇಳದೈತೇನು?"

"ಎರಡೂವರೆ."

ಅವಳು ನೋಟ್‌ಬುಕ್ ಮುಚ್ಚಿಟ್ಟು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋದೆ. ಚಪ್ಪಡಿ ಸರಿಸಿ ರಾಡಿನ ತಲೆ ಹಿಡಿದು ಅಲ್ಲಾಡಿಸಿದಳು. ಅದು ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಎರಡು ಕೈಯಿಂದ ಎಳೆದಳು, ಬಂತು. ಮೊಳ ಹಾಕಿ ಅಳೆದಳು. ಎರಡು ಮೊಳವೂ ಇರಲಿಲ್ಲ. ಕೊಯ್ದ ತುದಿಯ ಮೇಲೆ ಬ್ಲೇಡಿನ ಗೆರೆಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿ, ಕೆಳಗಿನ ಮಣ್ಣು ಮುಟ್ಟಿ ನೋಡಿದಳು. ಅಲ್ಲಲ್ಲಿ ಬಿಳಿ ಉಪ್ಪು ಕಟ್ಟಿತ್ತು.

"ಹಂಗಾರ ಆದಿತ್ವಾರದ ಆಕಾಶ?"

"ಅದು ನಾನ. ಎರಡು ಬಕೀಟು ನೀರು, ಒಂದು ಬೊಗಸಿ ಉಪ್ಪು. ನೀ ಜಳಕಕ್ಕ ಹೋದಾಗ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ನಗುವನ್ನು ತಡೆಯಲಾರದೆ, ನಕ್ಕು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ಸೂರ್ಯನ ಮೈಮ್ಯಾಲಿನ ಕಪ್ಪು ಕಲಿ ರೇಡಿಯೋಗೆ ಏನು ಮಾಡ್ತಾವಂತ ಏಳು ತಿಂಗ್ಳು ಓದೀನೋ ಅಣ್ಣಾ. ಸೂರ್ಯಗೂ ಆದಿತ್ವಾರಕ್ಕೂ ಏನು ಸಂಬಂಧ ಅಂತ ಮೇಷ್ಟ್ರಿಗೆ ಕಾಗದ ಬರದೀನಿ."

ನಾನು ಕಾರಣ ಹೇಳತೊಡಗಿದೆ. ಕಲ್ಲು ಹತ್ತಿತು, ಏಳು ಮೋಟರು ಕೂತಿದ್ದವು, ಅರಸೀಕೆರೆಯವರು ಫೋನು ಮಾಡಿದರು.

"ಕಲ್ಲು ಹತ್ತೇತಿ ಅಂದಿದ್ರ ಸಾಕಾಗಿತ್ತು" ಎಂದಳು. ಈಗ ನಗು ಇರಲಿಲ್ಲ. "ರಾಡ್ ಇಳೀದಿದ್ರ ತಂತಿ ಹಾಸ್ತಾರ. ನಾಕು ಬೆರಳು ಮಣ್ಣಾಗ, ಗಾಲಿ ಕಡ್ಡಿ ಹಂಗ ಸುತ್ತಾ ಹತ್ತು ತಂತಿ. ಅದು ಇದಕ್ಕಿಂತ ಚಲೋ ಅರ್ತ್. ಒಂದು ತಾಸಿನ ಕೆಲಸ. ಪುಸ್ತಕದಾಗ ಐತಿ. ನಿನ್ನ ಅಂಗಡ್ಯಾಗ ಕಿತ್ತು ಹಾಕಿದ ತಂತೀನ ಗುಡ್ಡಿ ಬಿದ್ದೈತಿ."

ಕಲ್ಲು ಹತ್ತಿತು ಎಂದು ಹೇಳುವುದು ಕೆಲಸಗಾರನಿಗೆ ಅವಮಾನ ಎಂದುಕೊಂಡಿದ್ದೆ. ಈ ಸೀಮೆಯಲ್ಲಿ ಕಲ್ಲು ಯಾರಿಗೆ ಹತ್ತುವುದಿಲ್ಲ?

ಅವಳು ಒಳಗೆ ಹೋಗಿ ನೋಟ್‌ಬುಕ್ ತಂದು, ಆ ಎರಡು ಅನುಭವದ ಮೇಲೂ ಅಡ್ಡಗೆರೆ ಎಳೆದಳು. 'ಮಾಡಿದವಳ ಕೈ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ತನ್ನ ಬೆರಳ ತುದಿಯನ್ನು ನೋಡಿಕೊಂಡಳು. ಕೊಯ್ದ ಗುರುತು ಇನ್ನೂ ಇತ್ತು.

"ನನ್ನ ಸುತ್ತು ಸರಿ ಇದ್ದುವೇನು ಅಣ್ಣಾ? ಅವತ್ತು?"

"ನನ್ನ ಸುತ್ತಿಗಿಂತ ಚಲೋ ಇದ್ದುವು."

"ಗೊತ್ತಿತ್ತಾ ನಿನಗ?"

"ಗೊತ್ತಿತ್ತು."

ಅವಳು ಮುಖ ಆ ಕಡೆ ತಿರುಗಿಸಿದಳು. ಬೇವಿನ ಮರದಿಂದ ಮಾಳಿಗೆಗೆ ಎಳೆದ ತಂತಿ ಗಾಳಿಗೆ ಸಣ್ಣಗೆ ತೂಗುತ್ತಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು. ನಮ್ಮ ಮನೆಯಲ್ಲಿ ಅಣ್ಣಂದಿರು ತಂಗಿಯರ ಮುಂದೆ ತಪ್ಪು ಒಪ್ಪುವ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಅಪ್ಪ ಅವ್ವನಿಗೆ ಹೇಳಿದ್ದನ್ನೂ ಕೇಳಿಲ್ಲ. ಆದರೂ ಜೋರಾಗಿಯೇ ಹೇಳಿದೆ, ಅಡುಗೆಮನೆಯಲ್ಲಿದ್ದ ಅವ್ವನಿಗೂ ಕೇಳುವ ಹಾಗೆ:

"ರಾಡ್ ಕೊಯ್ದಾವ ನಾನು. ನಿನ್ನ ಕೈ ಮ್ಯಾಲ ನಿನಗ ಅನುಮಾನ ಹಚ್ಚಿದಾವನೂ ನಾನ. ತಪ್ಪಾತು ತಂಗೆವ್ವ. ಕ್ಷಮಿಸು."